ತ್ರಿಪ್ಲಿಕೇನಿನಲ್ಲಿ ಕಾಲು ಹೊಟ್ಟೆಯ ಊಟ

ತಿರು-ಅಲ್ಲಿ-ಕೇಣಿ ಎಂದರೆ ಪವಿತ್ರವಾದ ನೈದಿಲೆಯ ಕೊಳ. ಆಂಗ್ಲರ ನಾಲಿಗೆಗೆ ಸಿಕ್ಕಿ ಅದು ತ್ರಿಪ್ಲಿಕೇನ್ ಆಯಿತು. ಚೆನ್ನೈಗೆ ರಜೆಗೆ ಹೋಗುವ ನಮ್ಮ ಯುವಮಿತ್ರರು ಸಾಮಾನ್ಯವಾಗಿ ಮರೀನಾ ಕಡಲತೀರ ನೋಡಿ ಹಿಂದಿರುಗುತ್ತಾರೆ. ಕಡಲಿಗೆ ಬೆನ್ನು ಮಾಡಿ ಸ್ವಲ್ಪ ದೂರ ನಡೆದರೆ ಈ ಹಳೆಯ ಬಡಾವಣೆ ಸಿಗುತ್ತದೆ. ಪಲ್ಲವರ ಕಾಲದ ಪಾರ್ಥಸಾರಥಿ ದೇವಾಲಯ, 1795ರ ವಾಲಾಜಾ ಮಸೀದಿ, 1921ರಲ್ಲಿ ತೀರಿಕೊಂಡ ಕವಿ ಸುಬ್ರಹ್ಮಣ್ಯ ಭಾರತಿಯವರು ಕೊನೆಯ ದಿನಗಳನ್ನು ಕಳೆದ ಮನೆ, ಎಲ್ಲವೂ ಕಾಲ್ನಡಿಗೆಯಲ್ಲೇ ನೋಡಬಹುದು. ಜೊತೆಗೆ ಹೆಜ್ಜೆಗೊಂದು ತಿಂಡಿಯಂಗಡಿ!

ಈ ಕೊನೆಯ ಸಂಗತಿಯೇ ಕಳೆದ ರಜೆಯಲ್ಲಿ ನನಗೆ ದಿಗಿಲು ಹುಟ್ಟಿಸಿತ್ತು. ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು. ‘ಸ್ಲೀವ್’ ಎಂಬ ಈ ಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಆದ್ದರಿಂದ ಹಸಿವೂ ತಗ್ಗುತ್ತದೆ. ಆದರೆ ರುಚಿ ನೋಡುವ ನಾಲಿಗೆಗೆ ಯಾರೂ ಕತ್ತರಿ ಹಾಕುವುದಿಲ್ಲವಲ್ಲ!

ನನ್ನ ಸೋದರತ್ತೆಯ ಮನೆ ಇರುವುದು ಇಲ್ಲೇ. ಮೊದಲ ದಿನವೇ ನಾನು ಒಂದು ಇಡ್ಲಿಗೆ ಕೈ ತೊಳೆದಾಗ ಅವರ ಮುಖ ಬಾಡಿತು. “ಯಾಕೋ, ನನ್ನ ಕೈ ಅಡಿಗೆ ಈಗ ರುಚಿಸೋದಿಲ್ವೇನೋ?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಜಠರದ ಚಿತ್ರ ಬರೆದು ತೋರಿಸಿದರೂ ಸಮಾಧಾನವಾಗಲಿಲ್ಲ. ಬಡಿಸುವುದನ್ನೇ ಪ್ರೀತಿ ಎಂದು ನಂಬಿದವರಿಗೆ ಖಾಲಿ ಉಳಿದ ಎಲೆ ಕಾಣುವುದು ತಿರಸ್ಕಾರದಂತೆಯೇ.

ಆಗ ಧನುರ್ಮಾಸ. ಬೆಳಗಿನ ಜಾವದಲ್ಲಿ ಅತ್ತೆಯ ಜೊತೆ ಪಾರ್ಥಸಾರಥಿಯ ದರ್ಶನಕ್ಕೆ ಹೋದೆ. ದಪ್ಪ ಮೀಸೆಯ ಈ ಸ್ವಾಮಿಯನ್ನು ನೋಡುವುದೇ ಒಂದು ಸೊಗಸು. ಪ್ರಸಾದವೆಂದು ಸಿಕ್ಕಿದ್ದು ಪುಟ್ಟ ದೊನ್ನೆಯಲ್ಲಿ ತುಪ್ಪ ಜಿನುಗುವ ಸಕ್ಕರೆ ಪೊಂಗಲ್, ಅಂದರೆ ನಮ್ಮ ಸಿಹಿ ಹುಗ್ಗಿ. ಅತ್ತೆ ಕಣ್ಣು ಮುಚ್ಚಿ ಒಂದೊಂದೇ ತುತ್ತು ತಿಂದರು.

“ಅತ್ತೆ, ಇಷ್ಟೇನಾ ಪ್ರಸಾದ?” ಎಂದೆ.

“ಪ್ರಸಾದಕ್ಕೆ ಯಾರಾದ್ರೂ ಅಳತೆ ಕೇಳ್ತಾರೇನೋ?”

“ಈಗ ನನ್ನ ಊಟಾನೂ ಅಷ್ಟೇ ಅತ್ತೆ.”

ಅತ್ತೆ ಒಂದು ಗಳಿಗೆ ಸುಮ್ಮನಿದ್ದು ನಕ್ಕುಬಿಟ್ಟರು. ಅಂದಿನಿಂದ ನನ್ನ ಪಾಲು ಪುಟ್ಟ ಬಟ್ಟಲಿನಲ್ಲಿ ಬರತೊಡಗಿತು!

ನಾನಂತೂ ಆ ದೊನ್ನೆಯಿಂದ ಎರಡೇ ಚಮಚ ತಿಂದೆ. ಈ ಬಗೆಯ ಚಿಕಿತ್ಸೆಯಾದವರು ಸಿಹಿಯನ್ನು ಹೆಚ್ಚಾಗಿ ತಿಂದರೆ ಅದು ಬೇಗನೆ ಸಣ್ಣ ಕರುಳಿಗೆ ಇಳಿದು ಬೆವರು, ಎದೆಬಡಿತ, ತಲೆಸುತ್ತು ಕಾಣಿಸಿಕೊಳ್ಳಬಹುದು. ಇದನ್ನು ‘ಡಂಪಿಂಗ್’ ಎನ್ನುತ್ತಾರೆ. ಬೈಪಾಸ್ ಚಿಕಿತ್ಸೆಯಾದವರಲ್ಲಿ ಇದು ಹೆಚ್ಚು.

ತ್ರಿಪ್ಲಿಕೇನಿಗೆ ಹೋಗಿ ರತ್ನಾ ಕೆಫೆಯ ಸಾಂಬಾರ್ ಇಡ್ಲಿ ಬಿಡುವುದುಂಟೆ? ಅಲ್ಲಿ ಇಡ್ಲಿ ಸಾಂಬಾರಿನಲ್ಲಿ ಈಜುತ್ತಿರುತ್ತದೆ. ನಮ್ಮಂಥವರು ಊಟದ ಜೊತೆ ದ್ರವ ಪದಾರ್ಥ ಹೆಚ್ಚು ಸೇವಿಸಬಾರದು. ಆದ್ದರಿಂದ ಸಾಂಬಾರನ್ನು ಬೇರೆ ಬಟ್ಟಲಲ್ಲಿ ಕೇಳಿ ಪಡೆದೆ. ಒಂದು ಇಡ್ಲಿಯನ್ನು ಅದರಲ್ಲಿ ಅದ್ದಿ, ನಿಧಾನವಾಗಿ ಅಗಿದು ತಿನ್ನಲು ಇಪ್ಪತ್ತು ನಿಮಿಷ ಹಿಡಿಯಿತು. ಉಳಿದದ್ದು ಜೊತೆಗಿದ್ದ ಅತ್ತೆಯ ಮಗನ ಪಾಲಾಯಿತು. ಕಾಫಿಯನ್ನೂ ಇಡ್ಲಿಯ ಬೆನ್ನಿಗೇ ಕುಡಿಯುವಂತಿಲ್ಲ, ಅರ್ಧ ಗಂಟೆ ತಡೆಯಬೇಕು. ಆ ಅರ್ಧ ಗಂಟೆಯಲ್ಲಿ ದೇವಾಲಯದ ಕೊಳವನ್ನೂ ಭಾರತಿಯವರ ಮನೆಯನ್ನೂ ನೋಡಿಬಂದೆವು. ಹೊಟ್ಟೆ ಚಿಕ್ಕದಾದ ಮೇಲೆ ಊರು ದೊಡ್ಡದಾಗಿ ಕಂಡಿತು! ಸಂಜೆ ಮರೀನಾದಲ್ಲಿ ತೆಂಗಿನಕಾಯಿ, ಮಾವಿನಕಾಯಿ ಹಾಕಿದ ಬಟಾಣಿ ಸುಂಡಲ್. ಒಂದು ಪೊಟ್ಟಣದಲ್ಲಿ ಇಬ್ಬರಿಗೆ ಸಾಕಾಯಿತು.

ವೈದ್ಯರ ಮುಖ್ಯ ಸೂತ್ರ, ಪ್ರೋಟೀನ್ ಮೊದಲು ಎಂಬುದು. ನಮ್ಮ ಎಲೆಯ ಮೇಲೆ ಅನ್ನಕ್ಕಿಂತ ಮುಂಚೆ ಹೆಸರುಬೇಳೆ ಕೋಸಂಬರಿ ಬೀಳುವುದಿಲ್ಲವೆ? ಹಾಗೆಯೇ ಕೋಸಂಬರಿ, ಬೇಳೆ ಹಾಕಿದ ಕೂಟು, ಗಟ್ಟಿ ಮೊಸರು ಮೊದಲಾಗಲಿ. ಅನ್ನ ಕೊನೆಗೆ, ಜಾಗವಿದ್ದರೆ ಮಾತ್ರ. ಸಾಕೆನಿಸಿದೊಡನೆ ನಿಲ್ಲಿಸಬೇಕು. ವೈದ್ಯರು ಬರೆದುಕೊಟ್ಟ ವಿಟಮಿನ್ ಮಾತ್ರೆಗಳು ರಜೆಯಲ್ಲೂ ತಪ್ಪಕೂಡದು, ಅವು ಜೀವನಪರ್ಯಂತ.

ಯುವಮಿತ್ರರೆ, ನಮ್ಮ ಸಂಘದ ಯುಗಾದಿ, ದೀಪಾವಳಿ ಊಟಗಳಲ್ಲಿ ಪಂಕ್ತಿಯಲ್ಲಿ ನಿಂತು ಬಡಿಸುವವರು ನೀವೇ. ಯಾರಾದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು” ಎಂದರೆ, ಕಾರಣ ಕೇಳಬೇಡಿ, “ಇನ್ನೊಂದೇ ಒಂದು” ಎಂದು ಬಲವಂತ ಮಾಡಬೇಡಿ. ಹೋಳಿಗೆಯನ್ನು ನಾಲ್ಕು ಭಾಗ ಮಾಡಿ ಒಂದನ್ನು ಬಡಿಸಿ. ಕೈ ಬಿಡುವಾದ ಮೇಲೆ ಅವರ ಪಕ್ಕದಲ್ಲಿ ಕುಳಿತು ಎರಡು ಮಾತಾಡಿ. ಉಪಚಾರವೆಂದರೆ ಅದೂ ಸೇರಿದೆ.