ಬೆಳಿಗ್ಗೆ ಆಂಟಿ, ಸಂಜೆ ಮಿಸ್

ಬಡವರ ಮಕ್ಕಳಿಗೆ ಪಾಠ ಹೇಳಿಕೊಡುವುದರಲ್ಲಿ ಒಂದು ಸುಖವಿದೆ. ಸೇವೆ ಅಂತ ಕರೆಯುವವರು ಕರೆಯಲಿ, ನನಗಂತೂ ಅದು ಸುಖವೇ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ, ರಾಗಿಗುಡ್ಡದ ಹತ್ತಿರದ ಕ್ವಾರ್ಟರ್ಸ್‌ನಲ್ಲಿ ಅಲ್ಲಿನ ಸಂಘದವರು ಬಿಟ್ಟುಕೊಟ್ಟ ಕೋಣೆಯಲ್ಲಿ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಮಕ್ಕಳು ಬಾಗಿಲಲ್ಲಿ ಚಪ್ಪಲಿ ಒದರಿ "ಮಿಸ್, ಮಿಸ್" ಅಂತ ಓಡಿ ಬರುತ್ತವೆ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಕಂಡು ಯಾರೂ ಓಡಿ ಬರುವುದಿಲ್ಲ.

ಆ ಮಕ್ಕಳಲ್ಲಿ ಒಬ್ಬಳನ್ನು ಆಗಾಗ ಬೆಳಿಗ್ಗೆಯೂ ನೋಡುತ್ತಿದ್ದೆ. ಅವಳ ತಾಯಿ ನಮ್ಮ ಮನೆಯಲ್ಲಿ ಪಾತ್ರೆ, ಕಸ, ನೆಲ ಮಾಡುವಾಕೆ, ದೇವದುರ್ಗದ ಕಡೆಯಾಕೆ. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಯಿತು. "ಜ್ವರ ಬಂದಾವ್ರಿ ಅಕ್ಕಾರ, ಇವತ್ತೊಂದಿನ ಹುಡುಗೀನ ಕಳಸ್ತೀನ್ರಿ" ಎಂದು ಫೋನ್ ಬರುತ್ತದೆ. ನಾನು "ಪರವಾಗಿಲ್ಲ, ರೆಸ್ಟ್ ತಗೋಮ್ಮ" ಅನ್ನುತ್ತೇನೆ. ಎಷ್ಟು ಮೃದುವಾಗಿ ಹೇಳುತ್ತೇನೆಂದರೆ, ಹುಡುಗಿಯನ್ನು ಕಳಿಸಬೇಡ ಅನ್ನುವ ಮಾತು ಅದರಲ್ಲಿ ಇಲ್ಲವೆಂಬುದು ಇಬ್ಬರಿಗೂ ಗೊತ್ತಾಗದ ಹಾಗೆ. ಆ ತಾಯಿಗೆ ಗೊತ್ತಾಗುತ್ತಿತ್ತೋ ಏನೋ.

ಹುಡುಗಿ ಬರುತ್ತಾಳೆ. ಯೂನಿಫಾರ್ಮಿನ ಮೇಲೆ ಸ್ವೆಟರ್, ತೋಳು ಮೊಣಕೈವರೆಗೆ ಮಡಚಿರುತ್ತದೆ. ಮೊದಲು ಲೋಟಗಳನ್ನೆಲ್ಲ ಒಂದರೊಳಗೊಂದು ಇಳಿಸದೆ ಬಿಡಿಬಿಡಿಯಾಗಿ ಸಾಲಿಡುತ್ತಾಳೆ, ಅಂಟಿಕೊಂಡರೆ ಬಿಡಿಸೋಕೆ ಟೈಮ್ ಹೋಗುತ್ತೆ ಅಂತ. "ಆಂಟಿ, ಕುಕ್ಕರ್ ತಳ ಹಿಡಿದಿದೆ, ನೆನೆಹಾಕ್ಲಾ?" ಅನ್ನುತ್ತಾಳೆ. ಸಂಜೆ ಅದೇ ಹುಡುಗಿ "ಮಿಸ್, ಛೇದ ಬೇರೆ ಬೇರೆ ಇದ್ರೆ ಹೆಂಗೆ ಕೂಡೋದು?" ಅಂತ ಕೇಳುತ್ತಾಳೆ. ಬೆಳಿಗ್ಗೆ ಆಂಟಿ, ಸಂಜೆ ಮಿಸ್. ಒಂದು ದಿನವೂ ಅದಲು ಬದಲು ಮಾಡಿದ್ದಿಲ್ಲ. ಯಾರೂ ಹೇಳಿಕೊಟ್ಟದ್ದೂ ಅಲ್ಲ. ನಮ್ಮ ಮನೆ ಮುಗಿಸಿ ಇನ್ನೆರಡು ಮನೆ ಮುಗಿಸುವ ಹೊತ್ತಿಗೆ ಶಾಲೆಯಲ್ಲಿ ಪ್ರಾರ್ಥನೆ, ಹಾಜರಿ ಎಲ್ಲ ಆಗಿಹೋಗಿರುತ್ತದೆ. ಆ ದಿನ ಶಾಲೆ ಇಲ್ಲ.

ಬಾಲಕಾರ್ಮಿಕ ಪದ್ಧತಿ ಅಂದರೆ ನನ್ನ ಮನಸ್ಸಿಗೆ ಬರುತ್ತಿದ್ದ ಚಿತ್ರವೇ ಬೇರೆ. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ಕುದಿನೀರಿಗೆ ಕೈ ಹಾಕುವ ಮಕ್ಕಳು, ಹೋಟೆಲಿನಲ್ಲಿ ಟೇಬಲ್ ಒರೆಸುವ ಮಾಣಿ, ಚೀಲ ಹೊತ್ತು ಗುಜರಿ ಅಂಗಡಿಗೆ ಹೋಗುವ ಹುಡುಗರು. ಎಲ್ಲವೂ ಬೇರೆಯವರ ಜಾಗದಲ್ಲಿ ನಡೆಯುವಂಥದ್ದು. 1986ರ ಕಾನೂನೂ ನನ್ನ ಹಾಗೇ ಯೋಚಿಸಿತ್ತು ಅನ್ನಿಸುತ್ತದೆ. ಅದು ಕೆಲವು ಉದ್ಯೋಗಗಳನ್ನಷ್ಟೇ ಪಟ್ಟಿ ಮಾಡಿ ನಿಷೇಧಿಸಿತು. ಮನೆಗೆಲಸ, ಹೋಟೆಲು, ಢಾಬಾಗಳು ಆ ಪಟ್ಟಿಗೆ ಸೇರಲು 2006ರ ಅಕ್ಟೋಬರ್ 10ರವರೆಗೆ ಕಾಯಬೇಕಾಯಿತು. ಅಷ್ಟರತನಕ ನಮ್ಮಂಥವರ ಅಡುಗೆಮನೆಗಳು ಕಾನೂನಿನ ಕಣ್ಣಲ್ಲಿ ಶುಭ್ರ. ನಾನು ಹುಡುಗಿಯಾಗಿದ್ದಾಗ ಜಯನಗರದ ನಮ್ಮ ಮನೆಯಲ್ಲಿ ಊರಿಂದ ಕರೆತಂದ ಒಬ್ಬಳಿದ್ದಳು. ಓದಿಸುತ್ತೇವೆ ಅಂತ ಅವಳ ಅಪ್ಪನಿಗೆ ಮಾತು ಕೊಟ್ಟಿದ್ದರಂತೆ. ನನ್ನ ಟಿಫಿನ್ ಕ್ಯಾರಿಯರ್ ಹಿಡಿದು ದಿನಾ ಶಾಲೆಯ ಗೇಟಿನ ತನಕ ಬರುತ್ತಿದ್ದಳು.

ಈ ವಿಷಯದಲ್ಲಿ ಬೆಂಗಳೂರು ಬೇಗ ಎಚ್ಚೆತ್ತ ಊರು. ನಟಿ ಸ್ನೇಹಲತಾ ರೆಡ್ಡಿಯವರ ಮಗಳು ನಂದನಾ ರೆಡ್ಡಿ, ದಾಮೋದರ ಆಚಾರ್ಯ ಮತ್ತು ಗೆಳೆಯರು ಕಟ್ಟಿದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ, ಬೆಂಗಳೂರಿನ ಹೋಟೆಲು ಹುಡುಗರು ಹೊರಟು ಬರುತ್ತಿದ್ದ ಕುಂದಾಪುರದ ಕಡೆಗೇ ಹೋಗಿ ಕೆಲಸ ಶುರು ಮಾಡಿತು. ಹುಡುಗನನ್ನು ಇಲ್ಲಿ ಬಿಡಿಸಿದರೆ ಸಾಲದು, ಅವನು ಬಸ್ಸು ಹತ್ತಿದ ಕಾರಣವನ್ನು ಅಲ್ಲಿ ನೋಡಬೇಕು ಎಂಬ ಲೆಕ್ಕ. ಅದೇ ಸಂಸ್ಥೆಯ ಬೆಂಬಲದಲ್ಲಿ ದುಡಿಯುವ ಮಕ್ಕಳು 'ಭೀಮ ಸಂಘ' ಅಂತ ತಮ್ಮದೇ ಸಂಘ ಮಾಡಿಕೊಂಡರು. 1996ರಲ್ಲಿ ದೇಶವಿದೇಶದ ದುಡಿಯುವ ಮಕ್ಕಳು ಕುಂದಾಪುರದಲ್ಲಿ ಸೇರಿ, ನಾವು ಮಾಡಿದ ವಸ್ತುಗಳನ್ನು ಬಹಿಷ್ಕರಿಸಬೇಡಿ, ಘನತೆಯ ಕೆಲಸ ಕೊಡಿ, ಓದಲು ಆಡಲು ಸಮಯ ಕೊಡಿ, ಹಳ್ಳಿ ಬಿಡದಂತೆ ಹಳ್ಳಿಯಲ್ಲೇ ಏನಾದರೂ ಮಾಡಿ ಎಂದರು. ಇದಕ್ಕೆ ತೀರಾ ಎದುರಾದ ನಿಲುವು ಅವಿಭಜಿತ ಆಂಧ್ರದಲ್ಲಿ ಮಕ್ಕಳನ್ನು ಶಾಲೆಗೆ ತರಲು ದುಡಿದ ಶಾಂತಾ ಸಿನ್ಹಾ ಅವರದು: ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ. ನನ್ನ ಮನಸ್ಸು ಶಾಂತಾ ಸಿನ್ಹಾ ಅವರ ಕಡೆಗಿದೆ. ಆದರೆ ಯಾಕೆ ಅಷ್ಟು ಬೇಗ ಆ ಕಡೆ ವಾಲಿತು ಅಂತ ಕೇಳಿಕೊಂಡರೆ ಉತ್ತರ ಚೆನ್ನಾಗಿಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ಸರ್ಕಾರದ ಕೆಲಸ. ಘನತೆಯ ಕೂಲಿ ಅಂದರೆ ಮಾತು ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಅದೇ 1996ರ ಡಿಸೆಂಬರ್‌ನಲ್ಲಿ, 10ನೇ ತಾರೀಖು, ಶಿವಕಾಶಿಯ ಮಕ್ಕಳ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಪಾಯಕಾರಿ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲೀಕ ತಲಾ 20,000 ರೂಪಾಯಿ ಕಟ್ಟಬೇಕು. ಸರ್ಕಾರ ಆ ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಬೇಕು, ಆಗದಿದ್ದರೆ ತನ್ನ ಪಾಲಿನ 5,000 ಸೇರಿಸಬೇಕು. ಆ ಠೇವಣಿಯ ಬಡ್ಡಿ ಮಗುವಿನ ಓದಿಗೆ. ಶೇ. 12 ಬಡ್ಡಿ ಹಿಡಿದರೂ ತಿಂಗಳಿಗೆ 250 ರೂಪಾಯಿ! ಬ್ಯಾಂಕಿನವಳಿಗೆ ಕಣ್ಣು ಹೋಗುವುದೇ ಅಲ್ಲಿಗೆ. ಆದರೂ ಮಗುವಿನ ಬದಲು ದೊಡ್ಡವರಿಗೆ ಕೆಲಸ ಅನ್ನುವ ಸಾಲು ಸರಿಯಾದ ಜಾಗಕ್ಕೇ ಬೆರಳಿಟ್ಟಿತ್ತು.

ನಮ್ಮ ಸಂಜೆ ತರಗತಿಯಲ್ಲಿ ಆ ಜಾಗ ನನಗೆ ಕಂಡದ್ದು ಒಂದು ಲೆಕ್ಕದಿಂದ. ಭಾಗಾಕಾರಕ್ಕೆಂದು ಬೋರ್ಡಿನ ಮೇಲೆ ಬರೆದಿದ್ದೆ: ತಿಂಗಳ ಸಂಬಳ 2,400 ರೂಪಾಯಿ, ಎರಡು ದಿನ ರಜೆ ಹಾಕಿದರೆ ಕೈಗೆ ಎಷ್ಟು ಬರುತ್ತದೆ? ಹುಡುಗರು 2,240 ಅಂತ ಕೂಗಿದರು. ನಮ್ಮ ಮನೆಗೆ ಬರುತ್ತಿದ್ದ ಆ ಹುಡುಗಿ ಮಾತ್ರ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಳು.

"ಯಾವ ಮನೇಲಿ ಮಿಸ್?"

"ಯಾವ ಮನೆ ಅಂದ್ರೆ?"

"ಒಂದು ಮನೇಲಿ ಎರಡು ದಿನದ ತನಕ ಕಟ್ ಮಾಡಲ್ಲ. ಕೊನೇ ಮನೇಲಿ ಭಾನುವಾರ ಬಿಟ್ಟು ಇಪ್ಪತ್ತಾರು ದಿನಕ್ಕೆ ಭಾಗಿಸ್ತಾರೆ. ಅಲ್ಲಿ ಜಾಸ್ತಿ ಕಟ್ ಆಗುತ್ತೆ."

ಉಳಿದ ಒಂದು ಮನೆಯ ಪದ್ಧತಿಯನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮನೆಯಲ್ಲಿ ಮೂವತ್ತಕ್ಕೆ ಭಾಗಿಸುತ್ತಿದ್ದೆವು. ಮಗಳು ಬಂದರೆ ಕಟ್ ಮಾಡುತ್ತಿರಲಿಲ್ಲ.

ಅಲ್ಲಿಗೆ ಅವಳು ಶಾಲೆ ತಪ್ಪಿಸುವುದೇಕೆ ಅನ್ನುವುದಕ್ಕೆ ಬೇರೆ ಸಮೀಕ್ಷೆ ಬೇಕಿರಲಿಲ್ಲ. ತಾಯಿಗೆ ಜ್ವರ ಬಂದ ದಿನದ ಬೆಲೆಯನ್ನು ಮಗಳು ತನ್ನ ಹಾಜರಿಯಿಂದ ಕಟ್ಟುತ್ತಿದ್ದಳು. ಮತ್ತೆ ಸಂಜೆ, ತಪ್ಪಿಹೋದ ಪಾಠವನ್ನು ನಾನು ಉಚಿತವಾಗಿ ತುಂಬಿಕೊಡುತ್ತಿದ್ದೆ.

ಇಂಥವಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ದೇಶದಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು 2001ರ ಜನಗಣತಿಯಲ್ಲಿ 1.26 ಕೋಟಿ ಇದ್ದವರು 2011ಕ್ಕೆ 43.5 ಲಕ್ಷಕ್ಕೆ ಇಳಿದರು ಎಂದು ಅಂಕಿ ತೋರಿಸುವುದುಂಟು. ಎರಡನೆಯದರಲ್ಲಿ ವರ್ಷಕ್ಕೆ ಆರು ತಿಂಗಳಾದರೂ ದುಡಿದವರು ಮಾತ್ರ ಇದ್ದಾರೆ. ಅದಕ್ಕಿಂತ ಕಡಿಮೆ ದುಡಿದವರನ್ನೂ ಮೊದಲಿನಂತೆ ಸೇರಿಸಿದರೆ ಸಂಖ್ಯೆ ಕೋಟಿ ದಾಟುತ್ತದೆ. ಇನ್ನು 1986ರ ಆ ಕಾನೂನಿನ 2016ರ ತಿದ್ದುಪಡಿ 14ರ ಒಳಗಿನವರಿಗೆ ಎಲ್ಲ ಕೆಲಸವನ್ನೂ ನಿಷೇಧಿಸಿ, ಶಾಲೆಯ ಸಮಯದ ಆಚೆ ಕುಟುಂಬಕ್ಕೆ ನೆರವಾಗುವುದಕ್ಕೆ ವಿನಾಯಿತಿ ಕೊಟ್ಟಿತು. "ತಾಯಿಗೆ ಹೆಲ್ಪ್ ಮಾಡ್ತಿದ್ದಾಳೆ ಅಷ್ಟೆ" ಎಂದು ನಮ್ಮ ಲಿಫ್ಟಿನಲ್ಲಿ ಹೇಳುವವರು ಆ ಕಾಯ್ದೆ ಓದಿಲ್ಲ, ಆದರೆ ಅದರ ದಾರಿ ಹಿಡಿದಿದ್ದಾರೆ. ನಾನೂ ಹೇಳಿದ್ದೇನೆ.

ಹುಡುಗಿ ಈಗ ಎಂಟನೇ ಕ್ಲಾಸು. ಕಡ್ಡಾಯ ಶಿಕ್ಷಣದ ಹಕ್ಕು 14ರವರೆಗೆ, ದುಡಿಮೆಯ ಸಂಪೂರ್ಣ ನಿಷೇಧವೂ 14ರವರೆಗೆ. ಎರಡು ಕಾನೂನೂ ಒಂದೇ ಹುಟ್ಟುಹಬ್ಬದಂದು ಕೈಬಿಡುತ್ತವೆ. ಅಲ್ಲಿಂದ ಹದಿನೆಂಟರ ತನಕ ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಷ್ಟೇ ನಿಷಿದ್ಧ. ಕುಕ್ಕರ್ ತಳ ಉಜ್ಜುವುದು ಅದರಲ್ಲಿ ಬರುವುದಿಲ್ಲ. ಮುಂದಿನ ವರ್ಷ ನಮ್ಮ ಯಾವುದೇ ಮನೆಯವರು ಅವಳನ್ನು ಕಾನೂನುಬದ್ಧವಾಗಿಯೇ ಕೆಲಸಕ್ಕೆ ಕೇಳಬಹುದು. ಒಬ್ಬರು ಆಗಲೇ ತಾಯಿಯನ್ನು ಕೇಳಿದ್ದಾರೆ.

ಹೀಗಾಗಬಾರದೆಂದು ನೆರವಿನ ದಾರಿ ಹುಡುಕಿದೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಊರಿನ ರೇಷನ್ ಕಾರ್ಡಿನಲ್ಲಿ ಯಜಮಾನಿ ಆಗಿರುವ ಅತ್ತೆಯ ಖಾತೆಗೆ ಹೋಗುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ: ಗಂಡ ಬಿಟ್ಟ ತಾಯಿಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ. ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ದಾಟಬಾರದು. ಕೂತು ಕೂಡಿದೆ. ಮೂರು ಮನೆ, ತಲಾ 2,500, ವರ್ಷಕ್ಕೆ 90,000. ನಾನೊಬ್ಬಳೇ 600 ರೂಪಾಯಿ ಜಾಸ್ತಿ ಮಾಡಿದರೆ 97,200 ಆಗಿ ಅರ್ಜಿ ಬಿದ್ದುಹೋಗುತ್ತದೆ. ಈ ಲೆಕ್ಕ ಮುಗಿದಾಗ ನನ್ನೊಳಗೆ ಎದ್ದದ್ದು ದುಃಖವಲ್ಲ, ಸಮಾಧಾನ. ಸಂಬಳ ಹೆಚ್ಚಿಸದಿರಲು ಇಷ್ಟು ಕರುಣೆಯ ಕಾರಣ ಬೇರೆ ಎಲ್ಲಿ ಸಿಗಬೇಕು? ಆದರೆ ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ. ಸ್ತ್ರೀ ಜಾಗೃತಿ ಸಮಿತಿಯಂಥವರು ಮನೆಗೆಲಸದ ಹೆಂಗಸರನ್ನು ಸಂಘಟಿಸಿ ಆ ವೇತನ ಕೊಡಿ ಎಂದೇ ವರ್ಷಗಟ್ಟಲೆ ಹೇಳುತ್ತಿದ್ದಾರೆ. ಆ ದರದ ಪಟ್ಟಿಯನ್ನು ನಾನು ತೆರೆದು ನೋಡಿಲ್ಲ. ಬಡ್ಡಿದರ ಕಾಲು ಪೈಸೆ ಆಚೀಚೆ ಆದರೆ ತಿಳಿದುಕೊಳ್ಳುವವಳು ನಾನು.

ಜೂನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನೋಟ್‌ಬುಕ್, ಬ್ಯಾಗು ಬೇಕು ಅಂತ ಹಾಕಿದರೆ ಸಂಜೆಯೊಳಗೆ ಸೆಕ್ಯೂರಿಟಿಯವನಿಗೆ ಕೂರಲು ಜಾಗವಿಲ್ಲದಷ್ಟು ಬಂದು ಬೀಳುತ್ತದೆ. ಅದೇ ಗ್ರೂಪಿನಲ್ಲಿ ಮನೆಗೆಲಸದವರಿಗೆ ಕಾಯಿಲೆಯ ದಿನ ಸಂಬಳ ಕಟ್ ಮಾಡುವುದು ಬೇಡ, ಬದಲಿಗೆ ಮಕ್ಕಳನ್ನು ಕರೆಸುವುದೂ ಬೇಡ ಎಂದು ಬರೆದೆ. ಒಂದಿಬ್ಬರು ಹೆಬ್ಬೆರಳು ಎತ್ತಿದರು. ಒಬ್ಬರು ಖಾಸಗಿಯಾಗಿ, "ಮೇಡಂ, ನೀವು ರೇಟ್ ಕೆಡಿಸ್ತಿದ್ದೀರ" ಎಂದರು. ಗ್ರೂಪು ನೀರಿನ ಟ್ಯಾಂಕರ್ ವಿಷಯಕ್ಕೆ ಹೋಯಿತು.

ನಾನು ಕಟ್ ಮಾಡುವುದನ್ನು ನಿಲ್ಲಿಸಿದ್ದೇನೆ. ತಾಯಿಗೆ ಹುಷಾರಿಲ್ಲದಿದ್ದರೆ ಪಾತ್ರೆ ನಾನೇ ತೊಳೆಯುತ್ತೇನೆ, ಗೊಣಗುತ್ತಲೇ. ಇದರಿಂದ ಹುಡುಗಿಗೆ ಒಂದು ಮನೆಯ ಕೆಲಸ ಕಡಿಮೆಯಾಯಿತೇ ಹೊರತು ಶಾಲೆ ಸಿಗಲಿಲ್ಲ, ಯಾಕೆಂದರೆ ಇಪ್ಪತ್ತಾರಕ್ಕೆ ಭಾಗಿಸುವ ಮನೆಗೆ ಅವಳು ಹೋಗಲೇಬೇಕು. ಆ ಮನೆಯವರ ಹತ್ತಿರ ನಾನು ಹೋಗಿ ಮಾತಾಡಬಹುದು, ಪರಿಚಯ ಚೆನ್ನಾಗಿಯೇ ಇದೆ. ಇನ್ನೂ ಮಾತಾಡಿಲ್ಲ. ನಮ್ಮ ಸಂಜೆ ತರಗತಿಗೆ ಎರಡು ಫ್ಯಾನು ಕೊಡಿಸಿದವರು ಅವರೇ, ಮುಂದಿನ ವರ್ಷ ಬೆಂಚೂ ಕೊಡಿಸುತ್ತೇನೆ ಅಂದಿದ್ದಾರೆ.