ಅಲೆಗಳ ಸಂತೆ

ಚಿಕ್ಕಪೇಟೆಯಲ್ಲಿ ಸೀರೆಯಂಗಡಿಯ ಮಗ್ಗುಲಲ್ಲಿಯೇ ಮತ್ತೊಂದು ಸೀರೆಯಂಗಡಿ ಏಕಿರುತ್ತದೆಂದು ಯಾರೂ ಕೇಳುವುದಿಲ್ಲ. ಗಿರಾಕಿ ಎಲ್ಲಿರುವನೋ ವರ್ತಕನೂ ಅಲ್ಲಿರಬೇಕಷ್ಟೆ. ಗಾಳಿಯಲ್ಲಿ ಅಂಗಡಿಯಿಡುವವರೂ ಇದೇ ಜಾತಿಯವರೆಂಬುದು ಬೆಂಗಳೂರಿಗೆ 2006ರಲ್ಲಿ ತಿಳಿಯಿತು.

2001ರ ಜುಲೈ 3ರಂದು ಈ ನಗರದಲ್ಲಿ ಪ್ರಸಾರವನ್ನಾರಂಭಿಸಿದ ರೇಡಿಯೋ ಸಿಟಿ, ದೇಶದ ಮೊತ್ತಮೊದಲ ಖಾಸಗಿ ಎಫ್.ಎಂ. ನಿಲಯ. ಆಕಾಶವಾಣಿಯನ್ನು ಬಿಟ್ಟರೆ ಸುಮಾರು ಐದು ವರ್ಷ ಅದಕ್ಕೆ ಎದುರಾಳಿಯೇ ಇರಲಿಲ್ಲ. ಊರಿಗೊಂದೇ ಅಂಗಡಿಯಿದ್ದರೆ ಎಲ್ಲ ಸರಕನ್ನೂ ಸ್ವಲ್ಪ ಸ್ವಲ್ಪ ಇಟ್ಟರಾಯಿತು; ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಅಲ್ಲಿ ಕಲಸಿದ ಅನ್ನ. ಬೇರೆಯವರು ಬಾರದಿದ್ದುದಕ್ಕೆ ಕಾರಣ ರಸಿಕರ ಅಭಾವವಲ್ಲ, ಪರವಾನಗಿಯ ಶುಲ್ಕ. ಲಾಭ ಬರಲಿ ಬಿಡಲಿ, ಗೊತ್ತುಪಡಿಸಿದ ಮೊತ್ತವನ್ನು ಕಟ್ಟಲೇಬೇಕಿತ್ತು. ಅದೂ ವರ್ಷವರ್ಷಕ್ಕೆ ಶೇಕಡ 15ರಂತೆ ಏರುತ್ತಿತ್ತು. 2005ರ ಹೊಸ ನೀತಿಯಲ್ಲಿ ಹರಾಜಿನ ಪ್ರವೇಶಶುಲ್ಕದ ಜೊತೆಗೆ ಆದಾಯದ ಶೇಕಡ 4ರ ಪಾಲೆಂದಾಯಿತು. ಬಾಗಿಲು ತೆರೆದದ್ದೇ ತಡ, ಮಿರ್ಚಿ, ಬಿಗ್ ಮೊದಲಾದವು ಒಂದರ ಹಿಂದೊಂದು ಬಂದಿಳಿದವು. ಹೀಗೆ ಬಂದವರಲ್ಲಿ ಹಲವರು ಹಿಡಿದದ್ದು ಕನ್ನಡ ಚಿತ್ರಗೀತೆಯನ್ನು. ಹಳೆಯ ನಿಲಯವೂ ಮುಂದೆ ಅದೇ ಹಾದಿಗೆ ಹೊರಳಿತು.

ಇದು ನುಡಿಪ್ರೇಮದ ಫಲವೆಂದು ಹಿಗ್ಗುವವರು ಒಂದು ಲೆಕ್ಕವನ್ನು ನೋಡಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಪೀಟರ್ ಸ್ಟೈನರ್ 1952ರಲ್ಲಿ ರೇಡಿಯೋವನ್ನು ಕುರಿತೇ ಇಂಥ ವಿಚಾರ ಮಾಡಿದ್ದರು. ನೂರು ಮಂದಿ ಕೇಳುಗರಲ್ಲಿ 60 ಜನಕ್ಕೆ ಕನ್ನಡ, 25 ಜನಕ್ಕೆ ಹಿಂದಿ, 15 ಜನಕ್ಕೆ ಇಂಗ್ಲಿಷ್ ಬೇಕೆನ್ನೋಣ. ಮೊದಲನೆಯ ನಿಲಯ ಕನ್ನಡವನ್ನು ಹಿಡಿಯುತ್ತದೆ. ಎರಡನೆಯದೂ ಕನ್ನಡವನ್ನೇ ಹಿಡಿಯುತ್ತದೆ. ಏಕೆಂದರೆ 60ರಲ್ಲಿ ಅರ್ಧವಾದ 30, ಹಿಂದಿಯ 25ಕ್ಕಿಂತ ಹೆಚ್ಚು. ಮೂರನೆಯದು ಹಿಂದಿಗೆ ಹೋದೀತು. ನಾಲ್ಕನೆಯದು ಮರಳಿ ಕನ್ನಡಕ್ಕೆ. ಇಂಗ್ಲಿಷಿನ 15 ಮಂದಿಯನ್ನು ನಾಲ್ವರೂ ತಿರುಗಿ ನೋಡುವುದಿಲ್ಲ. ಅದೇ ಮೂರು ನಿಲಯಗಳು ಒಬ್ಬನ ಕೈಯಲ್ಲಿದ್ದಿದ್ದರೆ, ಮೂರು ಬಗೆಯ ಹಾಡು ಹಾಕಿ ನೂರು ಮಂದಿಯನ್ನೂ ಅವನು ಬಾಚಿಕೊಳ್ಳುತ್ತಿದ್ದ! ಪೈಪೋಟಿಯಿಂದ ವೈವಿಧ್ಯವೆಂಬ ನಂಬಿಕೆಗೆ ಇದು ತಣ್ಣೀರೆರಚುವ ಮಾತು.

ಹಾಗೆಂದು ಕನ್ನಡಿಗನು ಕೊರಗಬೇಕಾಗಿಲ್ಲ. ಮನವಿಪತ್ರಗಳಿಂದ ದೊರೆಯದ ಮಣೆ ಈ ನಿರ್ದಯವಾದ ಗಣಿತದಿಂದ ದೊರೆಯಿತು. 2006ರ ಡಿಸೆಂಬರಿನಲ್ಲಿ ‘ಮುಂಗಾರು ಮಳೆ’ ತೆರೆಗೆ ಬಂದಾಗ ಅದರ ಹಾಡುಗಳು ಆಟೋರಿಕ್ಷಾಗಳಲ್ಲಿಯೂ ದರ್ಜಿಯ ಅಂಗಡಿಗಳಲ್ಲಿಯೂ ಮೊಳಗುವುದಕ್ಕೆ ನಿಲಯಗಳು ಸಿದ್ಧವಾಗಿಯೇ ಇದ್ದವು.

ಲೆಕ್ಕ ತಪ್ಪುವುದೂ ಉಂಟು. ಅದೇ 2006ರಲ್ಲಿ ಬಂದ ಇಂಡಿಗೋ, ಯಾರೂ ನೋಡದ ಆ ಇಂಗ್ಲಿಷಿನ ಕೇಳುಗರನ್ನೇ ಆರಿಸಿಕೊಂಡಿತು. ಜಾಹೀರಾತುದಾರನು ಕಿವಿಗಳನ್ನು ಮಾತ್ರ ಎಣಿಸುವುದಿಲ್ಲ, ಜೇಬುಗಳನ್ನೂ ತಡವಿ ನೋಡುತ್ತಾನೆ. ಬಡಾವಣೆಯ ಆಭರಣದಂಗಡಿಯವನ ಪಾಡು ಬೇರೆ: ಒಂದೇ ಬಗೆಯ ಕೇಳುಗರನ್ನು ನಾಲ್ವರು ಮಾರಹೊರಟಾಗ ಅವನು ದರದಲ್ಲಿ ಚೌಕಾಸಿ ಮಾಡಬಲ್ಲ. ಆ ನಾಲ್ವರಲ್ಲಿ ಯಾರಿಗೂ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿಯಿಲ್ಲ. ಹಾಡೂ ಒಂದೇ ಆದಮೇಲೆ ಭೇದವೆಂದರೆ ನಿರೂಪಕನ ಹರಟೆಯೊಂದೇ. ಅವನು ಅಷ್ಟು ಅವಸರದಿಂದ ಮಾತನಾಡುವುದರ ಗುಟ್ಟು ಇದ್ದರೂ ಇದ್ದೀತು.

ಈ ಸಂತೆಯಲ್ಲಿ ಲೆಕ್ಕಕ್ಕೆ ಬಾರದೆ ಉಳಿದವರು ತಂಬೂರಿಯ ಶ್ರುತಿಗೆ ಕಿವಿಗೊಡುವವರು. ಎಣಿಕೆಯಲ್ಲಿ ಅವರು ಸ್ವಲ್ಪ. ಕೊಳ್ಳುವುದರಲ್ಲಿ ಇನ್ನೂ ಸ್ವಲ್ಪ. ಅವರಿಗಾಗಿ ಬೆಂಗಳೂರಿನಲ್ಲಿ ಅಮೃತವರ್ಷಿಣಿಯೆಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ತೆರೆದದ್ದು ಯಾವ ವರ್ತಕನೂ ಅಲ್ಲ, ಆಕಾಶವಾಣಿ.