ಡೊಳ್ಳುಹೊಟ್ಟೆಯ ಅಡೇನಿಯಂ

ಮಕ್ಕಳೇ, ನಿಮ್ಮ ಶಾಲೆಯ ಕೈತೋಟದ ಗಿಡಗಳು ಹೆಚ್ಚಾಗಿ ಯಾವಾಗ ಸಾಯುತ್ತವೆ? ಬೇಸಿಗೆ ರಜೆಯಲ್ಲಿ, ಅಲ್ಲವೆ? ಆಗ ನೀರು ಹಾಕುವವರು ಇರುವುದಿಲ್ಲ. ರಜೆ ಮುಗಿಸಿ ಬರುವಷ್ಟರಲ್ಲಿ ಕುಂಡಗಳಲ್ಲಿ ಒಣಕಡ್ಡಿಗಳಷ್ಟೇ ಉಳಿದಿರುತ್ತವೆ. ಆದರೆ ಇದಕ್ಕೆ ತೀರ ವಿರುದ್ಧವಾದ ಗಿಡವೊಂದಿದೆ. ರಜೆಯಲ್ಲಿ ಅದು ಆರಾಮವಾಗಿರುತ್ತದೆ. ನೀವೆಲ್ಲ ಶಾಲೆಗೆ ಮರಳಿದ ಮೇಲೆಯೇ ಅದಕ್ಕೆ ಕಷ್ಟಕಾಲ!

ಆ ಗಿಡದ ಹೆಸರು ಅಡೇನಿಯಂ. ಮರುಭೂಮಿ ಗುಲಾಬಿ ಎಂದೂ ಕರೆಯುತ್ತಾರೆ. ಆದರೆ ಗುಲಾಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಕಣಗಿಲೆಯ ಸಂಬಂಧಿ. ದೇವಕಣಗಿಲೆ, ನಿತ್ಯಪುಷ್ಪ, ನಂದಿಬಟ್ಟಲು, ಎಕ್ಕ ಇವೆಲ್ಲವೂ ಅದೇ ಕುಟುಂಬದವು. ಐದು ಎಸಳಿನ ಗುಲಾಬಿ ಬಣ್ಣದ ಹೂವು ಚೆಂದವೇ. ಆದರೂ ನನಗೆ ಹೂವಿಗಿಂತ ಇಷ್ಟವಾಗುವುದು ಅದರ ಬುಡ. ಗಣಪತಿಯ ಹೊಟ್ಟೆಯ ಹಾಗೆ ಉಬ್ಬಿಕೊಂಡಿರುತ್ತದೆ.

ಈಗ ನಿಮ್ಮ ಅಟ್ಲಾಸ್ ತೆರೆಯಿರಿ. ಮಂಗಳೂರಿನ ಮೇಲೆ ಬೆರಳಿಟ್ಟು ನೇರವಾಗಿ ಪಶ್ಚಿಮಕ್ಕೆ ಸಾಗಿ. ಅರಬ್ಬೀ ಸಮುದ್ರವನ್ನು ದಾಟಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋದರೆ ಯೆಮನ್ ದೇಶದ ಅಡೆನ್ ಎಂಬ ಬಂದರು ಸಿಗುತ್ತದೆ. ನಮ್ಮ ಗಿಡಕ್ಕೆ ಹೆಸರು ಬಂದದ್ದು ಈ ಊರಿನಿಂದ. ಎರಡೂ ಊರುಗಳು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ಹಗಲಿನ ಉದ್ದವೂ ಸೂರ್ಯ ಏರುವ ಎತ್ತರವೂ ಎರಡು ಕಡೆ ಹೆಚ್ಚುಕಡಿಮೆ ಒಂದೇ. ಮಳೆಯನ್ನು ಮಾತ್ರ ಹೋಲಿಸುವಂತೆಯೇ ಇಲ್ಲ. ಅಡೆನ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂ.ಮೀ. ಮಂಗಳೂರಿನಲ್ಲಿ 350 ಸೆಂ.ಮೀ.ಯಷ್ಟು! ಹಾಗಾಗಿ ಈ ಗಿಡಕ್ಕೆ ಬೇಕಾದ ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ. ನಾವು ಅದನ್ನು ಕಾಪಾಡಬೇಕಾದದ್ದು ನೀರಿನಿಂದ.

ಇದನ್ನು ಮೊದಲು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವನು ಪೀಟರ್ ಫೋರ್ಸ್ಕಾಲ್. ಲಿನೇಯಸ್ ಎಂಬ ಪ್ರಸಿದ್ಧ ಸಸ್ಯವಿಜ್ಞಾನಿಯ ಶಿಷ್ಯ. ಡೆನ್ಮಾರ್ಕಿನ ದೊರೆ ಅರೇಬಿಯಾಕ್ಕೆ ಕಳಿಸಿದ ತಂಡದಲ್ಲಿ ಆತನೂ ಇದ್ದ. 1763ರಲ್ಲಿ ಯೆಮನ್ನಿನಲ್ಲಿ ಗಿಡಗಳನ್ನು ಸಂಗ್ರಹಿಸುತ್ತಿದ್ದಾಗಲೇ ಮಲೇರಿಯಾದಿಂದ ತೀರಿಕೊಂಡ. ವಯಸ್ಸು ಕೇವಲ 31. ಆರು ಜನರ ಆ ತಂಡದಲ್ಲಿ ಜೀವಂತವಾಗಿ ಮರಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಬರಹಗಳನ್ನು ಅವನು 1775ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಈ ಗಿಡಕ್ಕೆ 'ನೀರಿಯಂ ಒಬೇಸಮ್' ಎಂಬ ಹೆಸರಿತ್ತು. ನೀರಿಯಂ ಎಂದರೆ ಕಣಗಿಲೆ, ಒಬೇಸಮ್ ಎಂದರೆ ದಪ್ಪನೆಯದು. ದಪ್ಪ ಕಣಗಿಲೆ! 1819ರಲ್ಲಿ ಇದನ್ನು ಬೇರೆ ಗುಂಪಿಗೆ ಸೇರಿಸಿ 'ಅಡೇನಿಯಂ ಒಬೇಸಮ್' ಎಂದು ಹೆಸರಿಟ್ಟರು.

ಮಲೆನಾಡಿನ ಒಂದು ಶಾಲೆಗೆ ನಾನು ಆಗಾಗ ಹೋಗುತ್ತಿರುತ್ತೇನೆ. ಅಲ್ಲಿನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಅಡೇನಿಯಂ ಕೊಟ್ಟಿದ್ದರು. ಬೇಸಿಗೆಯಿಡೀ ಹನಿ ನೀರಿಲ್ಲದಿದ್ದರೂ ಗಿಡಕ್ಕೆ ಏನೂ ಆಗಿರಲಿಲ್ಲ. ಶಾಲೆ ತೆರೆದ ಮೇಲೆ ಮಕ್ಕಳು ಸರದಿಯ ಪಟ್ಟಿ ಮಾಡಿ ದಿನಾ ಬೆಳಿಗ್ಗೆ ಪ್ರೀತಿಯಿಂದ ಒಂದೊಂದು ತಂಬಿಗೆ ನೀರು ಹಾಕಿದರು. ಜೊತೆಗೆ ಸೂರಿನ ಹನಿಯೂ ಕುಂಡಕ್ಕೇ ಬೀಳುತ್ತಿತ್ತು. ಜುಲೈನಲ್ಲಿ ನಾನು ನೋಡುವಾಗ ಎಲೆಗಳು ಹಳದಿಯಾಗಿದ್ದವು. ಬುಡದ ಒಂದು ಬದಿ ಕಳಿತ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. ಎಲೆ ಬಾಡಿದೆ ಎಂದು ಒಬ್ಬ ಹುಡುಗ ಇನ್ನೊಂದು ತಂಬಿಗೆ ನೀರು ತರಲು ಓಡಿದ!

ಹೀಗಾಗುವುದು ಏಕೆ ಗೊತ್ತೆ? ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅವುಗಳಿಗೆ ಆಧಾರ. ಆ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರುಗಳು ಸಾಯುತ್ತವೆ. ಸತ್ತ ಬೇರಿನ ಮೂಲಕ ಶಿಲೀಂಧ್ರಗಳು ಒಳನುಗ್ಗುತ್ತವೆ. ಡೊಳ್ಳುಹೊಟ್ಟೆ ಕೊಳೆಯುತ್ತದೆ.

ನಾವು ಗಿಡವನ್ನು ಕಿತ್ತೆವು. ಕೊಳೆತು ಕಂದಾಗಿದ್ದ ಭಾಗವನ್ನು ಮೇಷ್ಟ್ರು ಚೂಪು ಚಾಕುವಿನಿಂದ, ಒಳಗಿನ ಬಿಳಿ ತಿರುಳು ಕಾಣುವವರೆಗೂ ಕೊರೆದು ತೆಗೆದರು. ಆಮೇಲೆ ಗಿಡವನ್ನು ಮಣ್ಣಿಲ್ಲದೆ, ನೀರಿಲ್ಲದೆ ಹತ್ತು ದಿನ ಕಪಾಟಿನ ಮೇಲೆ ಇಟ್ಟೆವು. "ಸರ್, ಉಪವಾಸ ಸತ್ತುಹೋಗುವುದಿಲ್ಲವೆ?" ಎಂದು ಏಳನೆಯ ತರಗತಿಯ ಹುಡುಗಿ ಕೇಳಿದಳು. ಸಾಯುವುದಿಲ್ಲ. ಆ ಹೊಟ್ಟೆಯೇ ಅದರ ನೀರಿನ ಹಂಡೆ. ನೀರು ಸಿಗದಾಗ ಗಿಡ ಎಲೆಗಳನ್ನೂ ಉದುರಿಸಿಬಿಡುತ್ತದೆ. ಎಲೆಯಿಲ್ಲದಿದ್ದರೆ ಬಾಷ್ಪವಿಸರ್ಜನೆ ತೀರ ಕಡಿಮೆ. ಹಂಡೆಯ ನೀರು ಬೇಗ ಮುಗಿಯುವುದಿಲ್ಲ. ಗಾಯ ಒಣಗಿದ ಮೇಲೆ ಒಣ ಮರಳುಮಣ್ಣಿನಲ್ಲಿ ನೆಟ್ಟೆವು. ಇನ್ನೊಂದು ವಾರ ಬಿಟ್ಟು ಮೊದಲ ನೀರು. ಸುಮಾರು ಒಂದೂವರೆ ತಿಂಗಳಿಗೆ ತುದಿಯಲ್ಲಿ ಚಿಗುರು ಕಾಣಿಸಿತು.

ಹಾಗಾದರೆ ನೀರು ಹಾಕುವುದು ಯಾವಾಗ? ಪೊರಕೆಕಡ್ಡಿಯನ್ನು ಕುಂಡದ ಮಣ್ಣಿಗೆ ಆಳವಾಗಿ ಚುಚ್ಚಿ ತೆಗೆಯಿರಿ. ಕಡ್ಡಿಗೆ ಹಸಿಮಣ್ಣು ಅಂಟಿದ್ದರೆ ನೀರು ಬೇಡ. ಬುಡವನ್ನು ಬೆರಳಿನಿಂದ ಒತ್ತಿಯೂ ನೋಡಿ. ಗಟ್ಟಿಯಾಗಿದ್ದರೆ ಹಂಡೆ ತುಂಬಿದೆ ಎಂದು ತಿಳಿಯಿರಿ. ಮೆತ್ತಗಿದ್ದರೆ ಅವಸರ ಬೇಡ, ಇಲ್ಲಿ ಸ್ವಲ್ಪ ಪತ್ತೇದಾರಿ ಮಾಡಬೇಕು. ಮಣ್ಣು ಒಣಗಿದ್ದು ಬುಡ ಸುಕ್ಕಾಗಿದ್ದರೆ ಗಿಡಕ್ಕೆ ಬಾಯಾರಿದೆ, ಚೆನ್ನಾಗಿ ನೀರು ಹಾಕಿ. ಮಣ್ಣು ಹಸಿಯಿದ್ದೂ ಬುಡ ಮೆತ್ತಗಿದ್ದರೆ ಅದು ಕೊಳೆ. ಮೆತ್ತಗಾಗುವುದು ಒಂದೇ ಲಕ್ಷಣ, ಕಾರಣ ಮಾತ್ರ ಎರಡು!

ಕುಂಡದ ತಳದಲ್ಲಿ ತೂತು ಇರಲೇಬೇಕು. ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ಸಾಕು. ಬರಿಯ ಜೇಡಿಮಣ್ಣು ಆಗದು. ಮಳೆಗಾಲದಲ್ಲಿ ಬೆಳಕಿರುವ, ಆದರೆ ಎರಚಲು ಬೀಳದ ಜಗುಲಿಯಲ್ಲಿಡಿ. ಚಳಿಗೆ ಎಲೆ ಉದುರಿದರೆ ಹೆದರಬೇಡಿ, ನೀರು ಇನ್ನಷ್ಟು ಕಡಿಮೆ ಮಾಡಿ. ತಿಂಗಳಿಗೊಮ್ಮೆ ಬುಡಕ್ಕೆ ದಾರ ಸುತ್ತಿ, ಆ ದಾರವನ್ನು ಸ್ಕೇಲಿನಲ್ಲಿ ಅಳೆದು, ಬರೆದಿಡಿ. ಸುತ್ತಳತೆ ಯಾವ ತಿಂಗಳು ಹೆಚ್ಚಿತು, ಯಾವ ತಿಂಗಳು ಕುಗ್ಗಿತು ಎಂದು ನಕ್ಷೆ ಬರೆಯಬಹುದು.

ಒಂದು ಎಚ್ಚರಿಕೆಯ ಮಾತು. ಅಡೇನಿಯಂನ ರಸ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುವ ವಸ್ತುಗಳು ಅದರಲ್ಲಿವೆ. ಆಫ್ರಿಕಾದ ಬೇಟೆಗಾರರು ಇದರ ರಸವನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಆದ್ದರಿಂದ ಕತ್ತರಿಸುವ ಕೆಲಸ ದೊಡ್ಡವರದು. ಗಿಡ ಮುಟ್ಟಿದ ಕೈಯನ್ನು ಕಣ್ಣಿಗೆ, ಬಾಯಿಗೆ ತಾಗಿಸದೆ ಸೋಪಿನಿಂದ ತೊಳೆಯಿರಿ. ಮೇಕೆ, ಕರು ಬಾಯಿ ಹಾಕುವಲ್ಲಿ ಇದನ್ನಿಡಬಾರದು. ಅಂಗನವಾಡಿಯ ಅಂಗಳಕ್ಕೂ ಇದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಅದೃಷ್ಟವಿದ್ದರೆ ನಿಮ್ಮ ಗಿಡದಲ್ಲಿ ಜೋಡಿ ಕೊಂಬಿನಂಥ ಕಾಯಿ ಬಿಟ್ಟೀತು. ಬಲಿತಾಗ ಅದಕ್ಕೆ ಸಡಿಲವಾಗಿ ದಾರ ಸುತ್ತಿಡಿ. ಇಲ್ಲದಿದ್ದರೆ ಕಾಯಿ ಬಿರಿದು ಬೀಜವೆಲ್ಲ ಗಾಳಿಪಾಲಾಗುತ್ತದೆ. ಎಕ್ಕದ ಬೀಜಕ್ಕೆ ಒಂದೇ ತುದಿಯಲ್ಲಿ ರೇಷ್ಮೆಯಂಥ ಕೂದಲಿರುವುದನ್ನು ನೀವು ನೋಡಿದ್ದೀರಿ. ಅಡೇನಿಯಂ ಬೀಜಕ್ಕೆ ಎರಡು ತುದಿಯಲ್ಲೂ ಕೂದಲಿರುತ್ತದೆ. ಹೊಸ ಬೀಜವಾದರೆ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ಬೀಜದಿಂದ ಹುಟ್ಟಿದ ಸಸಿಯ ಬುಡ ಎಳವೆಯಲ್ಲೇ ಉಬ್ಬತೊಡಗುತ್ತದೆ. ಟೊಂಗೆ ನೆಟ್ಟು ಬೆಳೆಸಿದ್ದಕ್ಕೆ ಅಂಥ ಹೊಟ್ಟೆ ಬರುವುದು ಕಷ್ಟ. ಎರಡನ್ನೂ ಅಕ್ಕಪಕ್ಕದ ಕುಂಡಗಳಲ್ಲಿ ಬೆಳೆಸಿ, ಒಂದು ವರ್ಷ ದಾರದಿಂದ ಅಳೆದು ನೋಡಿ.